ಒಂದು ಪಾತ್ರೆಗೆ ಒಂದೇ ನಾಲಗೆ

ವಾಮಂಜೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಇಪ್ಪತ್ತೆರಡು ವರ್ಷ ಅದರ ಕೌಂಟರಿನ ಹಿಂದೆ ನಿಂತು ನಾನು ಕಲಿತದ್ದು ಇಷ್ಟೇ: ಜನ ದೇವರ ಹತ್ತಿರ ಹೇಳದ್ದನ್ನೂ ಔಷಧಿ ಅಂಗಡಿಯವನ ಹತ್ತಿರ ಹೇಳುತ್ತಾರೆ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಇನ್ನೊಂದು ಅಂಗಡಿಯಲ್ಲಿ ಹೇಳುತ್ತಾರೆ. ಇದಕ್ಕೆ ಫಿಲಿಪ್ ಪೊರ್ಬುಗಳಿಗಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ.

ಫಿಲಿಪ್ ಮದುವೆ ಅಡುಗೆಯವರು; ಪೊರ್ಬುಗಳು ಎನ್ನುವುದು ನಮ್ಮೂರಲ್ಲಿ ಕ್ರಿಸ್ತುವರನ್ನು ಗೌರವದಿಂದ ಕರೆಯುವ ಹೆಸರು. ವಯಸ್ಸು ಅರವತ್ತೊಂದು. ಬಜಪೆಯಿಂದ ಕದ್ರಿಯವರೆಗೆ ಕ್ರಿಸ್ತುವರ ಮನೆಯಲ್ಲಿ ಮದುವೆ ನಿಶ್ಚಯವಾದರೆ ಮೊದಲು ಇಗರ್ಜಿಯಲ್ಲಿ ದಿನ ಕೇಳುತ್ತಾರೆ, ಆಮೇಲೆ ಫಿಲಿಪ್ ಹತ್ತಿರ. ಇಗರ್ಜಿ ಖಾಲಿ ಇದ್ದು ಫಿಲಿಪ್ ಖಾಲಿ ಇಲ್ಲದಿದ್ದರೆ ಮದುವೆಯನ್ನೇ ಮುಂದೆ ಹಾಕಿದವರುಂಟು. ಅವರ ಹಂದಿ ಬಫಾತಿಗೆ, ವಿನೆಗರ್ ಹಾಕಿದ ಆ ಖಾರದ ಮಾಂಸದ ಸಾರಿಗೆ, ಅಷ್ಟು ಹೆಸರು.

ಅಡುಗೆಮನೆಯಲ್ಲಿ ಅವರದು ಒಂದೇ ಕಾನೂನು: ಒಂದು ಪಾತ್ರೆಗೆ ಒಂದೇ ನಾಲಗೆ. ಸಹಾಯಕರು ಈರುಳ್ಳಿ ಹೆಚ್ಚಬಹುದು, ಸೌಟು ತಿರುಗಿಸಬಹುದು, ರುಚಿ ಮಾತ್ರ ನೋಡುವಂತಿಲ್ಲ. ಸೌಟಿನ ತುದಿಯಿಂದ ಎಡಗೈಯ ಅಂಗೈಗೆ ನಾಲ್ಕು ಹನಿ ಬಿಟ್ಟು ಅವರೊಬ್ಬರೇ ನೆಕ್ಕುತ್ತಾರೆ. ಮಸಾಲೆ ಅರೆದಾಗ ಒಮ್ಮೆ, ಬೆಂದಾಗ ಒಮ್ಮೆ, ವಿನೆಗರ್ ಬಿದ್ದಾಗ ಒಮ್ಮೆ, ಸುಮ್ಮನೆ ಒಮ್ಮೆ. ಆ ಅಂಗೈ ಭಾನುವಾರ ಪೂಜೆಯಲ್ಲಿ ಕೈ ಜೋಡಿಸಿದಾಗಲೂ ಅರಸಿನ ಬಣ್ಣದಲ್ಲೇ ಇರುತ್ತಿತ್ತು. ಅವರ ಹೆಂಡತಿ ನೆಲ್ಲಿ ಟೀಚರಿಗೂ ರಿಯಾಯಿತಿ ಇರಲಿಲ್ಲ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಕೆಂಪು ಪೆನ್ನು ಹಿಡಿದ ಹೆಂಗಸು, ಗಂಡನ ಪಾತ್ರೆಯ ಮುಂದೆ ಬಾಯಿ ಮುಚ್ಚಿಕೊಂಡೇ ಇದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ದಿನವಿಡೀ ಖಾರ, ಹುಳಿ ನೆಕ್ಕುವ ಹೊಟ್ಟೆ ಸುಮ್ಮನೆ ಕೂರುತ್ತದೆಯೇ? ಒಂಬತ್ತು ವರ್ಷದ ಹಿಂದೆ ಒಂದು ದಿನ ಎದೆ ನೀವಿಕೊಂಡು ಬಂದರು.

“ಹಿತೇಶ್, ಗ್ಯಾಸಿನ ಮಾತ್ರೆ ಉಂಟಾ ಮಾರಾಯ? ಹುಳಿ ಹುಳಿ ಮೇಲೆ ಬರ್ತದೆ.”

ಕೊಟ್ಟೆ. ಮರುವಾರವೂ ಬಂದರು. ಆಮೇಲೆ ಕೇಳುವುದೂ ಬೇಡವಾಯಿತು. ಅವರ ಸ್ಕೂಟರ್ ನಿಂತ ಶಬ್ದಕ್ಕೆ ನನ್ನ ಕೈ ತಾನಾಗಿ ಆ ಡ್ರಾಯರಿಗೆ ಹೋಗುತ್ತಿತ್ತು. ಡಾಕ್ಟರ ಚೀಟಿ ಎಲ್ಲಿ ಎಂದು ನಾನು ಕೇಳಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ, ಆಗಬೇಕಾದದ್ದೇ.

ಒಮ್ಮೆ ಮಾತ್ರ ಬುದ್ಧಿ ಹೇಳಿದ್ದೆ. “ಪೊರ್ಬುಗಳೇ, ಇದನ್ನು ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಅರ್ಧ ಗಂಟೆ ಮೊದಲು ತೆಗೊಳ್ಬೇಕು. ತಿಂದ ಮೇಲೆ ನುಂಗಿದ್ರೆ ಸರಿ ಕೆಲಸ ಮಾಡುದಿಲ್ಲ.”

ಅವರು ನನ್ನನ್ನು ಕನಿಕರದಿಂದ ನೋಡಿದರು. “ನಾನು ಅಡುಗೆಯವ ಮಾರಾಯ. ನನಗೆ ಊಟಕ್ಕೆ ಮೊದಲು ಅಂತ ಒಂದು ಹೊತ್ತೇ ಇಲ್ಲ.”

ನಿಜವೇ. ಬೆಳಿಗ್ಗೆ ಎದ್ದು ಅಂಗೈ ನೆಕ್ಕಲು ಶುರು ಮಾಡಿದವರ ಹೊಟ್ಟೆ ಖಾಲಿ ಆಗುವುದು ಯಾವಾಗ? ಹಾಗಾಗಿ ಒಂಬತ್ತು ವರ್ಷ ಅವರು ಮಾತ್ರೆಯನ್ನು ಊಟದ ಕೊನೆಗೆ, ಬೀಡಾದ ಹಾಗೆ ಹಾಕಿಕೊಂಡರು.

ಕಳೆದ ವರ್ಷ ಅಕ್ಟೋಬರಿನಲ್ಲಿ ಬಂದವರು ಡ್ರಾಯರಿನ ಕಡೆ ನೋಡಲಿಲ್ಲ. ಅಂಗಡಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೌಂಟರಿಗೆ ಬಾಗಿದರು. “ಮೂರು ದಿನದಿಂದ ಕಪ್ಪು ಹೋಗ್ತಾ ಉಂಟು. ರಸ್ತೆಗೆ ಹಾಕುವ ಡಾಮರು ನೋಡು, ಹಾಗೆ. ಅದಕ್ಕೆಂತ ಕೊಡ್ತೀಯಾ?”

ಹೊಟ್ಟೆಯೊಳಗೆ ರಕ್ತ ಸೋರಿದರೆ ಹಾಗಾಗುತ್ತದೆ. ಬೇರೆ ಏನು ಮಾತ್ರೆ ತಿನ್ನುತ್ತೀರಿ ಎಂದು ಆಗ ಕೇಳಿದೆ, ಒಂಬತ್ತು ವರ್ಷಕ್ಕೆ ಮೊದಲ ಸಲ. ಗಂಟೆಗಟ್ಟಲೆ ಒಲೆಯ ಮುಂದೆ ನಿಂತು ಮೊಣಕಾಲು ನೋಯುತ್ತದಂತೆ. ದಿನಕ್ಕೆರಡು ನೋವಿನ ಮಾತ್ರೆ, ಎರಡು ವರ್ಷದಿಂದ. ಕೊಂಡದ್ದು ಎದುರಿನ ಅಂಗಡಿಯಿಂದ! “ನಿನ್ನ ಹತ್ರ ಕೇಳಿದ್ರೆ ನೀನು ಬೈತಿ ಅಂತ” ಎಂದರು. ಹೊಟ್ಟೆ ಸುಡುವ ಮಾತ್ರೆ ಅಲ್ಲಿಂದ, ತಣಿಸುವ ಮಾತ್ರೆ ನನ್ನಿಂದ. ಅವರು ಮೆಟ್ಟಿಲು ಇಳಿಯುವ ಮೊದಲೇ ನಾನು ಆಂಡ್ರಿಯಾಳಿಗೆ ಫೋನ್ ಮಾಡಿದೆ.

ಆಂಡ್ರಿಯಾ ಫಿಲಿಪ್ ಅವರ ಅಣ್ಣನ ಮಗಳು. ತಂದೆತಾಯಿ ಕುವೈಟಿನಲ್ಲಿ ಇದ್ದದ್ದರಿಂದ ಬೆಳೆದದ್ದು ಇವರ ಮನೆಯಲ್ಲೇ. ಈಗ ಆಸ್ಪತ್ರೆಯಲ್ಲಿ ನರ್ಸ್. ಅರ್ಧ ಗಂಟೆಯಲ್ಲಿ ಬಂದಳು, ತಾನು ಬಾಪ್ಪು ಎಂದು ಕರೆಯುವ ಚಿಕ್ಕಪ್ಪನ ರಟ್ಟೆ ಹಿಡಿದಳು, ಕರೆದುಕೊಂಡು ಹೋದಳು. ಗಂಟಲಿನಿಂದ ಕೊಳವೆ ಇಳಿಸಿ ನೋಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಂಡಿತು. ನಾಲ್ಕು ದಿನ ಅಲ್ಲೇ ಮಲಗಿಸಿದರು. ಇನ್ನೊಂದು ವಾರ ಬಿಟ್ಟಿದ್ದರೆ ಎಂದು ಡಾಕ್ಟರು ಮಾತು ಶುರು ಮಾಡಿದರಂತೆ, ನೆಲ್ಲಿ ಟೀಚರ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರಂತೆ.

ತೀರ್ಪು ಇದು: ನೋವಿನ ಮಾತ್ರೆ ಬಂದ್. ಆ್ಯಸಿಡ್ ಕಡಿಮೆ ಮಾಡುವ ಮಾತ್ರೆ ಎಂಟು ವಾರ, ಬೆಳಿಗ್ಗೆ ಸಂಜೆ, ಊಟಕ್ಕೆ ಅರ್ಧ ಗಂಟೆ ಮೊದಲು. ಹೊತ್ತುಹೊತ್ತಿಗೆ ಊಟ. ನಡುವೆ ನೆಕ್ಕುವುದು, ರುಚಿ ನೋಡುವುದು ಇಲ್ಲ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ಮಾಡಿದವನಿಗೆ ಫಿಲಿಪ್ ಪರಿಚಯ ಇದ್ದಿರಲಿಕ್ಕಿಲ್ಲ. ಏಕೆಂದರೆ ಆರನೇ ವಾರದಲ್ಲಿ ಆಂಡ್ರಿಯಾಳ ಮದುವೆಯಿತ್ತು. ಅವಳು ತೊಟ್ಟಿಲಲ್ಲಿದ್ದಾಗಲೇ ಫಿಲಿಪ್ ಅಣ್ಣನಿಗೆ ಮಾತು ಕೊಟ್ಟಿದ್ದರು, ಇವಳ ಮದುವೆಯ ಬಫಾತ್ ನನ್ನದೇ ಕೈಯದ್ದು ಎಂದು.

“ಅಡುಗೆ ನೀವೇ ಮಾಡಿ ಬಾಪ್ಪು,” ಎಂದಳು ಹುಡುಗಿ. “ಆದ್ರೆ ಒಂದು ಹನಿ ನಾಲಗೆಗೆ ಹಾಕಿದ್ರೆ ನಾನು ಬೇರೆ ಕೇಟರಿಂಗಿನವರಿಗೆ ಹೇಳ್ತೇನೆ.”

“ರುಚಿ ನೋಡದೆ ಮಾಡುದು ಹೇಗೆ?”

“ನೆಲ್ಲಿ ಆಂಟಿ ನೋಡ್ತಾರೆ.”

ಫಿಲಿಪ್ ನನ್ನ ಅಂಗಡಿಯ ಸ್ಟೂಲಿನಲ್ಲಿ ಕುಳಿತು ಅತ್ತರು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ಅತ್ತರು. “ಕೊನೆಗೆ ಮನೆಯ ಮದುವೆಯಲ್ಲೇ ನನ್ನ ಹೆಸರು ಹೋಗ್ತದೆ ಹಿತೇಶ್. ನೆಲ್ಲಿಗೆ ಎಂತ ಗೊತ್ತುಂಟು ಬಫಾತಿನ ಸಂಗತಿ?” ನಾನು ಸಮಾಧಾನ ಹೇಳಿ, ಡಾಕ್ಟರ ಚೀಟಿ ನೋಡಿಯೇ ಮಾತ್ರೆ ಕೊಟ್ಟೆ.

ಮದುವೆಯ ದಿನ ನಾನೂ ಸಭಾಂಗಣದ ಹಿಂದಿನ ಅಡುಗೆಮನೆಗೆ ಹೋದೆ. ನೋಡುವ ಕುತೂಹಲ, ಇನ್ನೇನು? ಅರವತ್ತು ಕಿಲೋ ಮಾಂಸ ಕುದಿಯುತ್ತಿತ್ತು. ಫಿಲಿಪ್ ತಮ್ಮ ಎಡಗೈಯನ್ನು ನಂಬದೆ ಪ್ಯಾಂಟಿನ ಜೇಬಿನೊಳಗೆ ತುರುಕಿಕೊಂಡಿದ್ದರು. ಎರಡು ಬಾಟ್ಲಿ ವಿನೆಗರ್ ಪಾತ್ರೆಗೆ ಬಿದ್ದಿತ್ತು. ಅಭ್ಯಾಸದಂತೆ ಮೂರನೆಯದರ ಮುಚ್ಚಳ ತೆರೆದಿತ್ತು. ಮದುವೆಗೆಂದು ಉಟ್ಟ ರೇಷ್ಮೆ ಸೀರೆಯ ಮೇಲೆ ಟವೆಲ್ ಕಟ್ಟಿಕೊಂಡು ನೆಲ್ಲಿ ಟೀಚರ್ ಬಂದರು, ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟು ನೆಕ್ಕಿದರು, ಕಣ್ಣು ಮುಚ್ಚಿದರು.

“ಎಂಟು,” ಎಂದರು.

“ಎಂತ ಎಂಟು?”

“ಹತ್ತರಲ್ಲಿ ಎಂಟು. ಒಂದು ಹಿಡಿ ಉಪ್ಪು ಹಾಕಿ. ಮೂರನೇ ಬಾಟ್ಲಿ ಬೇಡ.”

“ನೆಲ್ಲಿ, ಯಾವಾಗ್ಲೂ ಮೂರು ಹಾಕುದು!”

“ಮೊದಲು ಎರಡೇ ಹಾಕ್ತಾ ಇದ್ದದ್ದು. ಏಳೆಂಟು ವರ್ಷದಿಂದ ಮೂರು ಮಾಡಿದ್ದೀರಿ. ನಿಮ್ಮ ಗಂಟಲಲ್ಲಿ ಯಾವಾಗ್ಲೂ ಹುಳಿ ಅಲ್ವಾ, ಎಷ್ಟು ಹಾಕಿದ್ರೂ ನಿಮಗೆ ಸಾಕಾಗುದಿಲ್ಲ.”

ಫಿಲಿಪ್ ಬಾಟ್ಲಿ ಹಿಡಿದು ನಿಂತೇ ಇದ್ದರು. ಜೇಬಿನೊಳಗಿನ ಎಡಗೈ ಒದ್ದಾಡುವುದು ನನಗೆ ಕಾಣುತ್ತಿತ್ತು.

“ಏಳೆಂಟು ವರ್ಷ? ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?”

“ನೀವು ಕೇಳಲಿಲ್ಲ,” ಎಂದರು ನೆಲ್ಲಿ ಟೀಚರ್. ಸಿಟ್ಟಿನಿಂದಲ್ಲ, ಹಾಜರಿ ಕೂಗುವ ಸ್ವರದಲ್ಲಿ.

ನಾನು ನೆಲ ನೋಡಿದೆ. ಆ ಮಾತು ನನಗೂ ತಾಗಿತ್ತು. ಫಿಲಿಪ್ ಬಾಟ್ಲಿಯ ಮುಚ್ಚಳ ಹಾಕಿ ಕಪಾಟಿನ ಮೇಲಿಟ್ಟರು. ಒಂದು ಹಿಡಿ ಉಪ್ಪು ಹಾಕಿದರು.

ಸಂಜೆ ಊಟಕ್ಕೆ ಕುಳಿತ ಮುದುಕರೊಬ್ಬರು ಎರಡನೇ ಸಲ ಬಡಿಸಿಕೊಂಡು, “ಫಿಲಿಪ್‌ನ ಹಳೆಯ ಕೈ ವಾಪಸ್ ಬಂತು ನೋಡಿ” ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು. ಫಿಲಿಪ್ ಅಲ್ಲೇ ಇದ್ದರು. ಬೇರೆ ದಿನವಾಗಿದ್ದರೆ ಮೀಸೆ ತಿರುವುತ್ತಿದ್ದರು. “ಕೈ ನನ್ನದು,” ಎಂದರು, “ನಾಲಗೆ ನೆಲ್ಲಿಯದ್ದು.”

ಆಮೇಲೆ ಮಾತ್ರೆ ನುಂಗಿ, ಖಾಲಿ ತಟ್ಟೆ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತ ಕುಳಿತರು. ಮೂವತ್ತೈದು ವರ್ಷ ಸಾವಿರಾರು ಜನರಿಗೆ ಬಡಿಸಿದ ಮನುಷ್ಯ ಮದುವೆಯ ಮನೆಯಲ್ಲಿ ಹಸಿದು ಕುಳಿತದ್ದು ಅದೇ ಮೊದಲು. ಅರ್ಧ ಗಂಟೆಯಾದ ಮೇಲೆ ನೆಲ್ಲಿ ಟೀಚರ್ ಇಡ್ಲಿಯಂಥ ಎರಡು ಸಾನ್ನ, ಆಂಡ್ರಿಯಾಳ ಅಪ್ಪಣೆಯಂತೆ ಎರಡೇ ತುಂಡು ಮಾಂಸ ಬಡಿಸಿದರು. ಫಿಲಿಪ್ ನಿಧಾನವಾಗಿ ಅಗಿದರು. ಕಣ್ಣು ತುಂಬಿತು.

“ಎಷ್ಟು ಕೊಡ್ತೀರಿ?” ಟೀಚರ್ ಕೇಳಿದರು.

“ಒಂಬತ್ತು.”

“ಒಂದು ಯಾಕೆ ಕಡಿಮೆ?”

“ಇಷ್ಟು ವರ್ಷ ಹೇಳದೆ ಇದ್ದದ್ದಕ್ಕೆ.”

“ಹಾಗಾದ್ರೆ ಕೇಳದೆ ಇದ್ದದ್ದಕ್ಕೆ ನಿಮ್ಮದು ಎಷ್ಟು ಕಳೆಯುದು?”

ಫಿಲಿಪ್ ತಮ್ಮ ತಟ್ಟೆಯ ಎರಡನೇ ತುಂಡನ್ನು ಎತ್ತಿ ಹೆಂಡತಿಯ ಬಾಯಿಗೆ ಇಟ್ಟರು.