ಬೂದಿ ಉಳಿದ ಗಡಿಗೆ

ಸದಲಗಾದ ಅಕ್ಕುತಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರೆಲ್ಲ ಹೇಳುತ್ತದೆ. ಅದು ಅಲ್ಲಿಗೆ ಹೇಗೆ ಬಂದು ಕೂತಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಲವತ್ತು ವರ್ಷದ ಹಿಂದೆ ಅನಂತಪುರದಿಂದ ಮದುವೆಯಾಗಿ ಬರುವಾಗ ತಾಯಿ ಅವಳ ಉಡಿಯಲ್ಲಿ ನಾಲ್ಕು ಹಿಡಿ ಅಗಸಿ ಬೀಜ ಕಟ್ಟಿ ಕಳಿಸಿದ್ದಳು. ಪ್ರತಿ ಹಿಂಗಾರಿಗೂ ಜೋಳದ ನಡುವೆ ಅದರ ಸಾಲು ಹಾಕುವುದು, ಬಂದ ಕಾಳನ್ನು ಹುರಿದು ಮೆಣಸಿನಕಾಯಿ ಸೇರಿಸಿ ರೊಟ್ಟಿಗೆ ಹಿಂಡಿ ಕುಟ್ಟುವುದು, ಒಂದು ಗಡಿಗೆ ಬೀಜಕ್ಕೆಂದು ತೆಗೆದಿಡುವುದು. ಜೈನರ ಮನೆ, ಕಾಳಿಗೆ ಹುಳು ಬರಲೂ ಬಾರದು, ಬಂದದ್ದು ಸಾಯಲೂ ಬಾರದು. ಅದಕ್ಕೇ ಬೀಜಕ್ಕೆ ಒಲೆಯ ಬೂದಿ ಬೆರೆಸಿ ಗಡಿಗೆಯ ಬಾಯಿ ಕಟ್ಟುತ್ತಿದ್ದಳು.

ಮಗ ಜಯಪಾಲನ ಕೈಗೆ ಹೊಲ ಬಂದದ್ದೇ ತಡ, ಎಲ್ಲವೂ ಕಬ್ಬಾಯಿತು. ಅಗಸಿ ದನಕ್ಕೆ ಹಾಕುವ ಕಾಳು, ಅದಕ್ಕೇಕೆ ಜಾಗ ಎಂದ. ಅಕ್ಕುತಾಯಿ ಎರಡು ದಿನ ಉಣ್ಣದೆ ಕೂತು, ಬಾವಿ ಪಕ್ಕದ ಒಂದೇ ಒಂದು ಪಟ್ಟಿ ಉಳಿಸಿಕೊಂಡಳು. ತವರಿನಲ್ಲಿ ಅಣ್ಣಂದಿರು ದ್ರಾಕ್ಷಿ ಹಾಕಿದ ಮೇಲೆ ತಾಯಿಯ ಆ ಬೀಜ ಉಳಿದದ್ದು ಇವಳ ಗಡಿಗೆಯಲ್ಲಿ ಮಾತ್ರ.

ಈ ವರ್ಷ ಚಿಕ್ಕೋಡಿಯ ಡಾಕ್ಟರು ಜಯಪಾಲನಿಗೆ, ರಕ್ತದಲ್ಲಿ ಕೊಬ್ಬು ಏರಿದೆ, ದಿನಾ ಅಗಸಿ, ಗುರೆಳ್ಳು, ಎಳ್ಳು ತಿನ್ನು ಎಂದರು. ಆಗ ಬಂತು ನೋಡಿ ಅಗಸಿಗೆ ಮರ್ಯಾದೆ! ಅವ್ವ ಕುಟ್ಟಿದ ಹಿಂಡಿಯನ್ನು ತಾಟಿನ ಅಂಚಿಗೆ ಸರಿಸುತ್ತಿದ್ದವನು ನಿಪ್ಪಾಣಿಯಿಂದ ಮಿರಿಮಿರಿ ಮಿಂಚುವ ಅಗಸಿಯ ಪಾಕೀಟು ತಂದ. ಹಿತ್ತಲ ಗಿಡ ಮದ್ದಲ್ಲವಲ್ಲ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ವರ್ಷದ ತಪ್ಪಿಗೆಲ್ಲ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ. ಅಕ್ಕುತಾಯಿ ಬಸದಿಯಲ್ಲಿ ಅರ್ಧ ಊರಿಗೆ ಕೈಮುಗಿದು ‘ಉತ್ತಮ ಕ್ಷಮಾ’ ಎಂದು, ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಬಿರಬಿರನೆ ಮನೆಗೆ ಬಂದರೆ, ಬಾಗಿಲಲ್ಲೇ ಹುರಿದ ಅಗಸಿಯ ವಾಸನೆ.

ಪಾಕೀಟು ಮುಗಿದಿತ್ತು. ಸೊಸೆ ತೃಪ್ತಿ ಅಟ್ಟದ ಗಡಿಗೆ ಇಳಿಸಿ, ಮೊರದಲ್ಲಿ ಕೇರಿ ತೆಗೆದ ಬೂದಿಯನ್ನು ಮತ್ತೆ ಗಡಿಗೆಗೇ ಸುರಿದು, ಒಂದು ಕಾಳೂ ಬಿಡದೆ ಹುರಿದು ಕುಟ್ಟಿದ್ದಳು. ಹುಳು ಬಿದ್ದು ಹಾಳಾಗದಿರಲಿ, ಅತ್ತೆಯ ಕೈಗೆ ಕೆಲಸ ಉಳಿಯದಿರಲಿ ಎಂಬ ಒಳ್ಳೆಯ ಬುದ್ಧಿ ಅವಳದು. ನಲವತ್ತು ವರ್ಷ ಕಣ್ಣಿನಂತೆ ಜೋಪಾನ ಮಾಡಿದ ಬೀಜವನ್ನು ಆ ಒಳ್ಳೆಯ ಬುದ್ಧಿ ಅರ್ಧ ತಾಸಿನಲ್ಲಿ ತಿಂದುಹಾಕಿತು.

ಅಕ್ಕುತಾಯಿ ಗಡಿಗೆ ಬೋರಲು ಹಾಕಿದಳು. ಬೂದಿ ಬಿತ್ತು. ಬಿತ್ತನೆಗೆ ಇನ್ನೊಂದೇ ತಿಂಗಳಿತ್ತು. ಅತ್ತೆಯ ಮುಖ ನೋಡಿ ತೃಪ್ತಿಗೆ ತಾನು ಹುರಿದದ್ದೇನೆಂದು ತಿಳಿಯಿತು.

“ಉತ್ತಮ ಕ್ಷಮಾ ರೀ ಅತ್ಯಾರ,” ಎಂದು ಕೈಮುಗಿದಳು.

ಅರ್ಧ ಊರಿಗೆ ಹೇಳಿ ಬಂದ ಮಾತು ಅಕ್ಕುತಾಯಿಯ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಜಯಪಾಲ ಹೊಲದಿಂದ ಬಂದು ಊಟಕ್ಕೆ ಕೂತ. ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡು, ಎಣ್ಣೆ ಕಲಸಿ, ಎರಡು ತುತ್ತು ತಿಂದ. ಅವನ ಮುಖ ಅರಳಿತು.

“ಅವ್ವಾ, ಪಾಕೀಟಿಂದಕ್ಕಿಂತ ಇದ ಛಲೋ ಐತಿ. ಈ ಸಲ ಬಾವಿ ಕಡೆ ಪಟ್ಟಿ ಅಷ್ಟ ಬ್ಯಾಡ. ಅರ್ಧಾ ಎಕರೆ ಕೊಡತೀನಿ, ಬಿತ್ತು.”

“ಏನ ಬಿತ್ತಲಿ?” ಎಂದಳು ಅಕ್ಕುತಾಯಿ. “ಬೀಜಾ ನಿನ್ನ ತಾಟಿನ್ಯಾಗ ಐತಿ.”