ಸೆಲ್ವಿಯಮ್ಮ ಗ್ಯಾಲರಿಗೆ ಬಂದದ್ದು

ಮೊನ್ನೆ ಕಮ್ಮನಹಳ್ಳಿಯ ಹೋಟೆಲೊಂದರಲ್ಲಿ ಇಡ್ಲಿ ತಿನ್ನುತ್ತಿದ್ದೆ. ಪಕ್ಕದ ಅಂಗಡಿಯ ಬಾಗಿಲಿಗೆ ಯಾರೋ ಬಣ್ಣ ಬಳಿಯುತ್ತಿದ್ದರು. ಟರ್ಪಂಟೈನ್ ವಾಸನೆ ಬಂದು ಚಟ್ನಿಯ ಮೇಲೇ ಕೂತಿತು. ನಿಮಗೂ ಇಂಥದೊಂದು ವಾಸನೆ ಇರಬಹುದು, ಮೂಗಿಗೆ ಬಿದ್ದ ಕೂಡಲೇ ಅಜ್ಜಿಯೋ ಶಾಲೆಯೋ ನೆನಪಾಗುವಂಥದ್ದು. ನನಗೆ ಟರ್ಪಂಟೈನ್ ಅಂದರೆ ಸಿಟ್ಟು. ಎಷ್ಟೋ ವರ್ಷವಾಯಿತು, ಇನ್ನೂ ಆರಿಲ್ಲ. ಆರಬೇಕು ಅಂತ ನನಗೆ ಅನ್ನಿಸಿಯೂ ಇಲ್ಲ.

ತೊಂಬತ್ತರ ದಶಕದ ಕೊನೆ. ನಾನು ಕಗ್ಗದಾಸಪುರದವಳು; ಆಗಿನ್ನೂ ಅಲ್ಲಿ ನಮ್ಮ ರಾಗಿ ಹೊಲದ ಒಂದು ಮೂಲೆ ಉಳಿದಿತ್ತು. ಚಿತ್ರಕಲೆ ಓದುತ್ತೇನೆ ಅಂದಾಗ ಅಪ್ಪ, "ಓದು, ಮನೆಗೆ ಸುಣ್ಣ ಹೊಡೆಯೋಕಾದ್ರೂ ಆಗ್ತೀಯ" ಅಂದಿದ್ದರು. ಕಾಲೇಜಿನಲ್ಲಿ ಸಿಕ್ಕ ಗೆಳತಿ ಹಲಸೂರಿನ ಮಲರ್. ನಮ್ಮ ಮೇಷ್ಟ್ರದು ಒಂದೇ ಮಂತ್ರ: "ಕ್ಲಾಸಲ್ಲಿ ಕೂತು ಯಾರೂ ಕಲಾವಿದರಾಗಲ್ಲ. ಹೋಗಿ ನೋಡಿ." ಹಾಗಾಗಿ ಶನಿವಾರ ಬಂತೆಂದರೆ ಇಬ್ಬರೂ ಶಿವಾಜಿನಗರದಲ್ಲಿ ಸೇರಿ, ಕಬ್ಬನ್ ಪಾರ್ಕಿನ ಬದಿಯ ಮ್ಯೂಸಿಯಮ್ಮಿಗೆ ಹೋಗುತ್ತಿದ್ದೆವು. ಮಲರ್ ಒಂದು ಶಿಲ್ಪದ ಮೊಣಕೈಯನ್ನೇ ಮಧ್ಯಾಹ್ನವೆಲ್ಲ ಬರೆಯುವಳು. ನಾನು ಅಷ್ಟರಲ್ಲಿ ಇಡೀ ಹಾಲನ್ನೇ ಬರೆದು, ಒಂದೂ ಸರಿಬಾರದೆ, ಕಡಲೆಕಾಯಿ ತರಲು ಹೊರಗೆ ಹೋಗಿರುತ್ತಿದ್ದೆ.

ಮಲರ್ ತಾಯಿ ಸೆಲ್ವಿಯಮ್ಮ ಶಿವಾಜಿನಗರದ ಮಾರ್ಕೆಟ್ಟಿನ ಬಾಗಿಲಲ್ಲಿ ಹೂ ಮಾರುತ್ತಿದ್ದರು. ಬಸ್ಸು ಹತ್ತುವ ಮುಂಚೆ ನಮ್ಮಿಬ್ಬರ ಜಡೆಗೂ ಮಲ್ಲಿಗೆ ಮುಡಿಸಿ, "ಚೆನ್ನಾಗಿ ನೋಡ್ಕೊಂಡ್ ಬಾ ಕಣ್ಣು, ದೊಡ್ಡೋರು ಮಾಡಿರೋದು" ಅನ್ನುವರು. 

ಒಂದು ಶನಿವಾರ ಮೇಷ್ಟ್ರು ಇಂದಿರಾನಗರದ ಗ್ಯಾಲರಿಗೆ ಬರಹೇಳಿದರು. ಹೆಸರಾಂತ ಕಲಾವಿದರೊಬ್ಬರ ಪ್ರದರ್ಶನ, ಪೂರ್ತಿ ಮಾರ್ಕೆಟ್ ಚಿತ್ರಗಳು. ಅವರ ಹೆಸರು ಹೇಳುವುದಿಲ್ಲ. ಹೇಳಿ ಅವರನ್ನು ಇನ್ನಷ್ಟು ಹೆಸರಾಂತರನ್ನಾಗಿ ಮಾಡುವ ಆಸೆ ನನಗಿಲ್ಲ. ಎದುರು ಗೋಡೆಯ ತುಂಬ ಹೂ ಮಾರುವ ಹೆಂಗಸಿನ ಚಿತ್ರ, ಇನ್ನೂ ಟರ್ಪಂಟೈನ್ ವಾಸನೆ ಹೊಡೆಯುತ್ತಿತ್ತು. ಎರಡೂ ಕಡೆ ಮೂಗುಬೊಟ್ಟು, ಹುಬ್ಬಿನ ಮೇಲೆ ಮಚ್ಚೆ, ದಾರವನ್ನು ಹಲ್ಲಲ್ಲಿ ಕಚ್ಚಿದ ರೀತಿ. ಸೆಲ್ವಿಯಮ್ಮನೇ. ಆದರೆ ಮೈಮೇಲೆ ಜಾಕೆಟ್ ಇರಲಿಲ್ಲ. ಸೀರೆ ಜಾರಿತ್ತು. ಅದರ ಮುಂದೆ ಜನ ಗ್ಲಾಸು ಹಿಡಿದು ನಗುತ್ತ ಮಾತಾಡುತ್ತಿದ್ದರು. ಮಲರ್ ಉಗುರು ನನ್ನ ತೋಳಿಗೆ ಇಳಿದಾಗಲೇ ಅವಳೂ ಗುರುತು ಹಿಡಿದಳೆಂದು ನನಗೆ ತಿಳಿದದ್ದು.

ಅವಳು ನೇರ ಕಲಾವಿದರ ಹತ್ತಿರ ಹೋದಳು. "ಸಾರ್, ಅದು ನಮ್ಮಮ್ಮ."

"ಹೌದಾ? ವೆರಿ ನೈಸ್. ಮಾರ್ಕೆಟ್ಟಲ್ಲಿ ಫೋಟೋ ತೆಗೆದಿದ್ದೆ, ಒಳ್ಳೆ ಫೇಸ್."

"ನಮ್ಮಮ್ಮ ಜಾಕೆಟ್ ಹಾಕ್ಕೋತಾರೆ ಸಾರ್."

ಅವರು ಮಗುವಿಗೆ ಹೇಳುವಂತೆ ಹೇಳಿದರು: "ಅದು ನಿಮ್ಮಮ್ಮ ಅಲ್ಲಮ್ಮ. ಅದು ಭೂಮಿತಾಯಿ."

ಪಕ್ಕದಲ್ಲೇ ಇದ್ದ ನಮ್ಮ ಮೇಷ್ಟ್ರು, ನಮ್ಮ ಪರವಾಗಿ ಒಂದು ಮಾತಾಡಬೇಕಾಗಿದ್ದ ಮನುಷ್ಯ, "ಆರ್ಟ್ ಸ್ಟೂಡೆಂಟ್ ಥರ ಯೋಚ್ನೆ ಮಾಡು ಮಲರ್. ಎಮೋಷನಲ್ ಆಗ್ಬೇಡ" ಅಂದರು.

ಬೆತ್ತಲೆ ಮೈ ನಮಗೇನೂ ಹೊಸದಲ್ಲ. ಮ್ಯೂಸಿಯಮ್ಮಿನ ಕಲ್ಲಿನ ಹೆಂಗಸರಲ್ಲಿ ಮೈತುಂಬ ಬಟ್ಟೆ ಉಟ್ಟವರೇ ಕಡಿಮೆ. ಅವರನ್ನು ಬರೆದೇ ನಾವು ಕೈ ತಿದ್ದಿಕೊಂಡದ್ದು. ಆದರೆ ಆ ಕಲ್ಲುಗಳು ಮಾರನೆ ಬೆಳಿಗ್ಗೆ ಎದ್ದು ಮಾರ್ಕೆಟ್ಟಿನ ಬಾಗಿಲಲ್ಲಿ ಕೂತು ವ್ಯಾಪಾರ ಮಾಡಬೇಕಾಗಿರಲಿಲ್ಲ. ಇಷ್ಟು ತಿಳಿಯಲು ಯಾವ ಕಲಾ ವಿಮರ್ಶೆ ಓದಬೇಕು ಹೇಳಿ?

ಮನೆಗೆ ಹೋಗಿ ಮಲರ್ ತಾಯಿಗೆ ಎಲ್ಲ ಹೇಳಿದಳು. ಸೆಲ್ವಿಯಮ್ಮ ಅಳುತ್ತಾರೆಂದು ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅವರು ಕೇಳಿದ್ದು ಇಷ್ಟೇ: "ಆ ಜಾಗ ಎಷ್ಟೊತ್ತಿಗೆ ತೆಗೀತಾರೆ?"

ಮಾರನೆ ದಿನ ಬಂದರು. ಮದುವೆಗೆ ಉಡುವ ರೇಷ್ಮೆ ಸೀರೆ, ಮೊಣಕೈವರೆಗಿನ ಜಾಕೆಟ್, ತಲೆತುಂಬ ಹೂ. ಬಾಗಿಲ ಕಾವಲಿನವನು, "ಹೂವೆಲ್ಲ ಬೇಡಮ್ಮ, ಹೋಗು" ಅಂದ. "ಮಾರೋಕೆ ಬಂದಿಲ್ಲಪ್ಪ, ನೋಡೋಕೆ ಬಂದಿದೀನಿ" ಅಂದು ಒಳಗೆ ನಡೆದೇಬಿಟ್ಟರು. ಚಿತ್ರವನ್ನು ತುಂಬ ಹೊತ್ತು ನೋಡಿದರು. ಆಮೇಲೆ ತಿರುಗಿ, ಅದರ ಪಕ್ಕದಲ್ಲೇ ಗೋಡೆಗೆ ಬೆನ್ನು ಕೊಟ್ಟು, ಕೈಕಟ್ಟಿ ನಿಂತುಬಿಟ್ಟರು.

ಬಂದವರು ಚಿತ್ರ ನೋಡುವರು, ಇವರನ್ನು ನೋಡುವರು, ತಲೆ ತಗ್ಗಿಸಿ ಬೇರೆ ಗೋಡೆಗೆ ಹೋಗುವರು. ಗ್ಯಾಲರಿಯ ಒಡತಿ ಬಂದು, "ಏನಾದ್ರೂ ಬೇಕಿತ್ತಾಮ್ಮ?" ಅಂದರು.

"ಏನೂ ಬೇಡಮ್ಮ. ನೋಡೋರು ಎರಡೂ ನೋಡ್ಲಿ ಅಂತ ನಿಂತಿದೀನಿ."

ಕೊನೆಗೆ ಕಲಾವಿದರೇ ಬಂದು, "ಸೀನ್ ಮಾಡ್ಬೇಡಿ, ಪ್ಲೀಸ್" ಅಂದರು. ಸೆಲ್ವಿಯಮ್ಮ ದನಿ ಏರಿಸಲಿಲ್ಲ. "ನಿಮ್ಮ ತಾಯಿನ ಕರ್ಕೊಂಡ್ ಬನ್ನಿ ಸಾರ್. ಅವರೂ ನೋಡ್ಲಿ. ಅಲ್ಲೀವರ್ಗೂ ನಾನು ಇರ್ತೀನಿ."

ಕತ್ತಲಾಗುವ ಮೊದಲೇ ಚಿತ್ರ ಕೆಳಗಿಳಿಯಿತು.

ಗೆದ್ದೆವು ಅಂತ ಕಥೆ ಮುಗಿಸಬಹುದಿತ್ತು. ಆದರೆ ಆ ಚಿತ್ರ ಬೇರೆ ಊರಿನ ಗೋಡೆ ಹತ್ತಿತು. ಅದನ್ನು ನಮ್ಮ ಮೇಷ್ಟ್ರೇ ಕ್ಲಾಸಿನಲ್ಲಿ ಖುಷಿಯಿಂದ ಹೇಳಿದರು. ಕಾಲೇಜಿನ ವರ್ಷದ ಕೊನೆಯ ಪ್ರದರ್ಶನದಲ್ಲಿ ಮಲರ್ ಚಿತ್ರಗಳಿಗೆ ಸಿಕ್ಕಿದ್ದು ಟಾಯ್ಲೆಟ್ ಪಕ್ಕದ ಗೋಡೆ. ಅವಳು ಅವನ್ನೆಲ್ಲ ಸುತ್ತಿಕೊಂಡು ಹೋದವಳು ಕಾಲೇಜಿಗೆ ತಿರುಗಿ ಬರಲಿಲ್ಲ. ನಮ್ಮಲ್ಲೆಲ್ಲ ಕಣ್ಣಿದ್ದವಳು ಅವಳೊಬ್ಬಳೇ.

ಇದನ್ನು ಬರೆದ ಮೇಲೆ, ಅಚ್ಚಿಗೆ ಕೊಡುವ ಮುಂಚೆ, ನಿನ್ನೆ ಲಿಂಗರಾಜಪುರಕ್ಕೆ ಹೋದೆ. ಮಲರ್ ಈಗ ಅಲ್ಲಿಯ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಸೆಲ್ವಿಯಮ್ಮ ಅವಳ ಜೊತೆಗಿದ್ದಾರೆ, ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಅಚ್ಚಿಗೆ ಕೊಡಲೇ ಅಂತ ಕೇಳಿದೆ. "ಮೊದ್ಲು ಓದು" ಅಂದರು. ಓದುತ್ತ ಹೋದೆ. ಒಂದು ಕಡೆ ಕೈ ಎತ್ತಿ ನಿಲ್ಲಿಸಿದರು.

"'ಬಡಪಾಯಿ ಹೆಂಗಸು' ಅಂದ್ಯಲ್ಲ, ಯಾರದು?"

"ನೀವೇ ಅಮ್ಮ."

"ನಾನ್ಯಾವಾಗ ಬಡಪಾಯಿ ಆದೆ? ಅವನು ಜಾಕೆಟ್ ತೆಗ್ದ. ನೀನು ಬಡಪಾಯಿ ಮಾಡ್ತಿದೀಯ. ಹೊಡೆದಾಕು ಅದನ್ನ."

ಮಲರ್ ನಗುತ್ತ ಪೆನ್ನು ಕೊಟ್ಟಳು. ಇಷ್ಟು ವರ್ಷ ಅವರ ಪರವಾಗಿ ಸಿಟ್ಟಾಗಿದ್ದೇನೆ ಅಂದುಕೊಂಡಿದ್ದೆ. ಒಮ್ಮೆಯೂ ಅವರನ್ನು ಕೇಳಿರಲಿಲ್ಲ. ಆ ಎರಡು ಪದ ಹೊಡೆದುಹಾಕಿದೆ.

"ಹಾಂ. ಈಗ ಮೊದ್ಲಿಂದ ಓದು" ಅಂದರು ಸೆಲ್ವಿಯಮ್ಮ, ಗೋಡೆಗೆ ಒರಗಿ ಕೂತು.