ಒಂಬತ್ತನೇ ಬುಟ್ಟಿ

ಹೋದ ತಿಂಗಳು ಕೆಲಸದ ಮೇಲೆ ತಮಿಳುನಾಡಿನ ಬೆಟ್ಟದ ಊರೊಂದಕ್ಕೆ ಹೋಗಿದ್ದೆ. ಮಧ್ಯಾಹ್ನಕ್ಕೇ ಕೆಲಸ ಮುಗಿದು ಎರಡು ಗಂಟೆ ಉಳಿಯಿತು. ಬ್ಯಾಗಿನಲ್ಲಿದ್ದ ಡಿಸ್ಕ್‌ಗಳನ್ನು ತೆಗೆದುಕೊಂಡು ಅಲ್ಲಿನ ಡಿಸ್ಕ್ ಗಾಲ್ಫ್ ಕೋರ್ಸಿಗೆ ಹೋದೆ. ಮೂರನೇ ಎಸೆತ ದಾರಿ ತಪ್ಪಿ ನೀಲಗಿರಿ ಮರದ ಕೊಂಬೆಗೆ ಬಡಿಯಿತು. ಡಿಸ್ಕ್ ಹುಡುಕುತ್ತ ಮರದ ಕೆಳಗೆ ಬಗ್ಗಿದರೆ ಜಜ್ಜಿದ ಎಲೆಯ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಅಷ್ಟೇ... ಭದ್ರಾವತಿಯ ಕಾಗದನಗರದ ನಮ್ಮ ಪಕ್ಕದ ಮನೆಯ ಫಿಟ್ಟರ್ ಚಾಚಾ ಎದುರಿಗೆ ಬಂದು ನಿಂತ ಹಾಗಾಯಿತು.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಗಾಲ್ಫಿನಲ್ಲಿ ಚೆಂಡು ಹೊಡೆದು ಗುಳಿಗೆ ಬೀಳಿಸುತ್ತಾರೆ. ಇಲ್ಲಿ ಊಟದ ತಟ್ಟೆಯಷ್ಟು ಅಗಲದ ಡಿಸ್ಕನ್ನು ಎಸೆದು, ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಯಾರು ಕಡಿಮೆ ಎಸೆತದಲ್ಲಿ ಮುಗಿಸುತ್ತಾರೋ ಅವರು ಗೆದ್ದರು. ನಾನು ಆಸ್ಪತ್ರೆಗಳ ಲ್ಯಾಬ್ ಯಂತ್ರ ರಿಪೇರಿ ಮಾಡುವವಳು. ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗುತ್ತೇನೆ. ಹೋದ ಕಡೆಯಲ್ಲೆಲ್ಲ ಒಳ್ಳೆಯ ಕೋರ್ಸ್ ಹುಡುಕಿ ಆಡುವುದರಲ್ಲಿ ನನ್ನನ್ನು ಮೀರಿಸಿದವರನ್ನು ಇನ್ನೂ ಕಂಡಿಲ್ಲ. ಜಂಬ ಅಂದರೆ ಜಂಬವೇ ಸರಿ. ಆದರೆ ಆ ವಿದ್ಯೆ ನನ್ನದಲ್ಲ, ಚಾಚಾನದು.

ಚಾಚಾ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹಿಂದೊಮ್ಮೆ ಯಂತ್ರ ಜೋಡಿಸಲು ಫಿನ್ಲೆಂಡ್ ಕಡೆಯಿಂದ ಬಂದಿದ್ದ ಎಂಜಿನಿಯರೊಬ್ಬ ಹೊರಡುವಾಗ ಇವರಿಗೆ ಮೂರು ಡಿಸ್ಕ್ ಕೊಟ್ಟು, ಪ್ಯಾಕಿಂಗ್ ಕಾಗದದ ಹಿಂದೆ ಬುಟ್ಟಿಯ ಚಿತ್ರ ಬರೆದುಕೊಟ್ಟು ಹೋಗಿದ್ದನಂತೆ. ಆ ಚಿತ್ರ ಬಹಳ ವರ್ಷ ಟ್ರಂಕಿನಲ್ಲಿತ್ತು. ಕಾರ್ಖಾನೆ ನಿಂತು ಕ್ವಾರ್ಟರ್ಸ್ ಒಂದೊಂದಾಗಿ ಖಾಲಿಯಾಗತೊಡಗಿದಾಗ ಚಾಚಾ ಅದನ್ನು ಹೊರಗೆ ತೆಗೆದರು. ಸೈಕಲ್ ರಿಮ್ಮು, ಸೈಕಲ್ ಚೈನು, ಹಳೇ ನೀರಿನ ಪೈಪು ಸೇರಿಸಿ ವೆಲ್ಡ್ ಮಾಡಿ ಒಂಬತ್ತು ಬುಟ್ಟಿ ಮಾಡಿದರು. ಮನೆಗಳ ನಡುವಿನ ನೀಲಗಿರಿ ಮರಗಳ ಸಂದಿಯಲ್ಲಿ ಒಂದೊಂದನ್ನೇ ನೆಟ್ಟರು. ಜನ ನಕ್ಕರು. ಆಗಿನ್ನೂ ಡಿಪ್ಲೊಮಾ ಓದುತ್ತಿದ್ದ ನಾನೂ ಮೊದಲು ನಕ್ಕೆ, ಆಮೇಲೆ ಆಡಿದೆ.

ಬುಟ್ಟಿಗಳಿಗೆ ನಂಬರ್ ಇತ್ತಾದರೂ ಕರೆಯುತ್ತಿದ್ದದ್ದು ಹತ್ತಿರದ ಮನೆಯ ಹೆಸರಿನಿಂದ. ಎರಡನೆಯದು ಕ್ರೇನ್ ಓಡಿಸುತ್ತಿದ್ದ ತೆಲುಗಿನವರದು, ಕ್ರೇನ್ ಗಾರು ಮನೆ; ಆರನೆಯದು ತಮಿಳಿನ ಅಜ್ಜಿಯದು, ಇಡ್ಲಿ ಪಾಟಿ ಮನೆ. ಎಸೆಯುವ ಮೊದಲು ಆ ಮನೆಯ ಕಡೆ ತಿರುಗಿ “ಅಮ್ಮಾ, ತಟ್ಟೆ ಬರ್ತಿದೆ!” ಎಂದು ಕೂಗಲೇಬೇಕು. ಅಂಗಳದಲ್ಲಿ ಸಂಡಿಗೆ ಒಣಹಾಕಿದ ಕಾಲದಲ್ಲಿ ಆ ಕೂಗಿಗೆ ಅರ್ಥವಿತ್ತು. ಮನೆ ಖಾಲಿಯಾಗಿ ಬೀಗ ಬಿದ್ದ ಮೇಲೂ ಚಾಚಾ ಅದನ್ನು ಬಿಡಲಿಲ್ಲ. ಬೀಗಕ್ಕೆ ಯಾಕೆ ಚಾಚಾ ಹೇಳ್ಬೇಕು ಎಂದು ಒಮ್ಮೆ ಕೇಳಿ ಬೈಸಿಕೊಂಡಿದ್ದೆ.

ನನಗೆ ಕೆಲಸ ಸಿಕ್ಕಿ ಓಡಾಟ ಶುರುವಾದಾಗ, ಭದ್ರಾವತಿ ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಬಿಡಲು ಬಂದು ಚಾಚಾ ಒಳ್ಳೆಯ ಕೋರ್ಸ್ ಹುಡುಕುವ ಪಾಠ ಹೇಳಿದರು. “ಫೋನ್ ನಂಬ್ಕೊಂಡು ಹೋಗ್ಬೇಡ ಬೇಟಿ. ಆ ಜಾಗದಲ್ಲಿ ಹುಲ್ಲು ಕೊಯ್ಯೋನು ಇರ್ತಾನಲ್ಲ, ಅವನ್ನ ಕೇಳು. ಮತ್ತೆ ಕೊನೇ ಬುಟ್ಟಿ ಮೊದಲು ಹೋಗಿ ನೋಡು. ಮೊದಲನೇದನ್ನ ಎಲ್ರೂ ನೀಟಾಗೇ ಇಟ್ಕೊಂಡಿರ್ತಾರೆ.” ಈ ಎರಡು ಮಾತು ನನಗೆ ಗೋವಾದಲ್ಲೂ ಸುಳ್ಳಾಗಲಿಲ್ಲ, ಹಿಮಾಚಲದಲ್ಲೂ ಸುಳ್ಳಾಗಲಿಲ್ಲ. ಫೋನಿನಲ್ಲಿ ಐದು ನಕ್ಷತ್ರ ಇದ್ದ ಎಷ್ಟೋ ಕೋರ್ಸುಗಳ ಕೊನೇ ಬುಟ್ಟಿಯ ಸುತ್ತ ಲಂಟಾನ ಬೆಳೆದದ್ದನ್ನು ಕಂಡು ಹಿಂದೆ ಬಂದಿದ್ದೇನೆ.

ಪ್ರತಿ ಸಲ ಊರಿಗೆ ಬಂದಾಗ ವರದಿ ಒಪ್ಪಿಸಬೇಕಿತ್ತು. ಇಳಿಜಾರು ಹೇಗಿತ್ತು, ಗಾಳಿ ಯಾವ ಕಡೆಯಿಂದ, ಸರಪಳಿ ಎಷ್ಟು ಸಾಲು... ಚಾಚಾ ಬೇರೆ ಕೋರ್ಸನ್ನು ಒಂದನ್ನೂ ನೋಡಿದವರಲ್ಲ. ಆಯನೂರಿನ ಮಗಳ ಮನೆ ಬಿಟ್ಟರೆ ಅವರಿಗೆ ದೂರದ ಪ್ರಯಾಣವೇ ಇರಲಿಲ್ಲ. ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ: ನಮ್ಮದು ಹೇಗಿದೆ? ಫಸ್ಟ್ ಕ್ಲಾಸ್ ಅಂತ ನಾನಂದರೆ ತಲೆ ಅಲ್ಲಾಡಿಸುತ್ತಿದ್ದರು. “ನೀನು ನಮ್ಮನೆ ಹುಡುಗಿ ಮಾರಾಯ್ತಿ, ನಿನ್ನ ಮಾತು ನಡೆಯಲ್ಲ. ಹೊರಗಿನೋರು ಒಬ್ರು ಬಂದು ಒಂಬತ್ತೂ ಆಡಿ ಹೇಳ್ಬೇಕು.” ಚಿತ್ರ ನೋಡಿ ಕಟ್ಟಿದ್ದು ನಿಜವಾದ ಕೋರ್ಸ್ ಹೌದೋ ಅಲ್ಲವೋ ಎಂಬುದು ಅವರನ್ನು ಕೊರೆಯುತ್ತಿತ್ತು.

ಅದೇನು ಮಹಾ ಎಂದು, ತಿರುಗಾಡುವ ಆಟಗಾರರು ಕೋರ್ಸ್ ಹುಡುಕುವ ಆ್ಯಪಿನಲ್ಲಿ ನಮ್ಮದನ್ನೂ ಸೇರಿಸಿದೆ. ನಾಲ್ಕು ತಿಂಗಳಿಗೆ ಒಬ್ಬರು ಬರೆದರು. ಕೊಯಮತ್ತೂರಿನ ಕಾಲೇಜಿನಲ್ಲಿ ಪಾಠ ಮಾಡುವ ಹೆಂಗಸು. ಜೋಗಕ್ಕೆ ಹೋಗುವ ದಾರಿಯಲ್ಲಿ ಭದ್ರಾವತಿಯಲ್ಲಿ ಇಳಿದು ಆಡಿ, ಮುಂದಿನ ರೈಲಿಗೆ ಹೊರಡುತ್ತಾರಂತೆ. ಚಾಚಾ ಒಂದು ವಾರ ಹುಲ್ಲು ಕೊಯ್ದರು. ಚೈನುಗಳಿಗೆ ಎಣ್ಣೆ ಬಿಟ್ಟರು. ಒಂಬತ್ತನೇ ಬುಟ್ಟಿಗೆ ಮಾತ್ರ ಹೊಸ ಹಳದಿ ಬಣ್ಣ.

ಆಟ ಚೆನ್ನಾಗಿಯೇ ಶುರುವಾಯಿತು. ಐದು ಬುಟ್ಟಿ ಸಲೀಸಾಗಿ ಮುಗಿದವು. ಆರನೆಯದಕ್ಕೆ ನಿಂತು ಚಾಚಾ ಎಂದಿನಂತೆ ಕೂಗಿದರು. ಪಾಟಿ ಆಗಿನ್ನೂ ಕ್ವಾರ್ಟರ್ಸ್ ಬಿಟ್ಟಿರಲಿಲ್ಲ. ಬಾಗಿಲಿಗೆ ಬಂದು ಹೊಸ ಮುಖ ನೋಡಿ ಯಾವ ಊರಮ್ಮ ಎಂದರು. ಕೊಯಮತ್ತೂರು ಎಂದು ಕೇಳಿದ್ದೇ ತಡ, ಮುದುಕಿ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋಯಿತು. ತಮಿಳು ಮಾತಾಡುವ ಜನ ಸಿಕ್ಕಿ ಎಷ್ಟು ದಿನವಾಗಿತ್ತೋ! ಇಡ್ಲಿ, ಆಮೇಲೆ ದೋಸೆ, ಕಾಫಿ, ಮಗಳ ಮದುವೆಯ ಆಲ್ಬಮ್ಮು... ಹೊಸ್ತಿಲಲ್ಲಿ ಚಾಚಾ ಡಿಸ್ಕ್ ಹಿಡಿದು ನಿಂತೇ ಇದ್ದರು. ಎರಡು ಸಲ ಗಡಿಯಾರ ನೋಡಿದರು. ಅತಿಥಿಯನ್ನು ತಟ್ಟೆ ಮುಂದಿನಿಂದ ಎಬ್ಬಿಸುವುದು ಅವರ ಜಾಯಮಾನವಲ್ಲ. ನಾನಾದರೂ ಎಬ್ಬಿಸಬೇಕಿತ್ತು, ಎಬ್ಬಿಸಲಿಲ್ಲ. ಆಕೆ ಹೊರಗೆ ಬರುವಷ್ಟರಲ್ಲಿ ರೈಲಿಗೆ ಇಪ್ಪತ್ತು ನಿಮಿಷವಿತ್ತು. ಅವಸರದಲ್ಲಿ ಕೈ ಮುಗಿದು ಆಟೋ ಹತ್ತಿದರು.

ಎರಡು ದಿನದ ಮೇಲೆ ಆ್ಯಪಿನಲ್ಲಿ ಬರೆದರು. ಜನ ತುಂಬ ಒಳ್ಳೆಯವರು, ಇಂಥ ದೋಸೆ ಎಲ್ಲೂ ತಿಂದಿಲ್ಲ. ಕೋರ್ಸಿನ ಬಗ್ಗೆ ಒಂದು ಸಾಲೂ ಇಲ್ಲ. ಇಂಗ್ಲಿಷಿನಲ್ಲಿತ್ತಲ್ಲ, ಚಾಚಾಗೆ ನಾನೇ ಓದಿ ಹೇಳಬೇಕು. ಧೈರ್ಯವಾಗಿ ಸುಳ್ಳು ಹೇಳಿದೆ. ಕೋರ್ಸ್ ಅದ್ಭುತವಾಗಿದೆ, ಬುಟ್ಟಿಗಳು ಒಂದಕ್ಕಿಂತ ಒಂದು ಚೆನ್ನ ಅಂತ ಬರೆದಿದಾರೆ ಚಾಚಾ ಎಂದೆ.

“ಒಂಬತ್ತನೇದರ ಬಗ್ಗೆ ಏನು ಬರೆದಿದಾರೆ?”

“ಅದಂತೂ ಎಲ್ಲಕ್ಕಿಂತ ಚೆನ್ನಾಗಿದೆಯಂತೆ” ಅಂದುಬಿಟ್ಟೆ. ಆಕೆ ಅದನ್ನು ನೋಡೇ ಇರಲಿಲ್ಲ ಎಂಬುದು ಮಾತು ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಚಾಚಾ ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಒಳಗೆ ಹೋಗಿ ಚಹಾ ತಂದುಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ನಾವು ಶಿವಮೊಗ್ಗದ ಆಲ್ಕೊಳಕ್ಕೆ ಬಂದೆವು, ಚಾಚಾ ಆಯನೂರಿಗೆ ಹೋದರು. ಸಾಗರಕ್ಕೆ ಕೆಲಸಕ್ಕೆ ಹೋಗುವಾಗ ಒಮ್ಮೆ ಅವರ ಮಗಳ ಮನೆಯಲ್ಲಿ ಇಳಿದಿದ್ದೆ. ಕಾಲು ಬಾತಿತ್ತು, ದನಿ ಇಳಿದಿತ್ತು. ಯಾರಾದ್ರೂ ಬಂದಿದ್ರಾ ಬೇಟಿ ಎಂದು ಕೇಳಿದರು. ಈ ಸಲ ನಿಜ ಹೇಳಿದೆ. ಇಲ್ಲ ಚಾಚಾ. ಆ ಮಳೆಗಾಲ ಮುಗಿಯುವ ಮೊದಲೇ ಚಾಚಾ ಹೋಗಿಬಿಟ್ಟರು.

ಬೆಟ್ಟದ ಊರಿನಿಂದ ವಾಪಸ್ಸು ಬಂದ ಭಾನುವಾರ ಕಾಗದನಗರಕ್ಕೆ ಹೋದೆ. ಎಷ್ಟೋ ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲ. ವಾಚ್‌ಮನ್ ಹೊಸಬ. “ಯಾವೂರಿಂದ ಬಂದ್ರಿ ಮೇಡಂ? ಹೊರಗಿನೋರನ್ನ ಬಿಡಲ್ಲ ಇಲ್ಲಿ” ಎಂದ. ನಾನು ಇಲ್ಲೇ ಬೆಳೆದವಳು ಎನ್ನಲು ಬಾಯಿ ತೆರೆದವಳು ಮಾತು ಬದಲಿಸಿದೆ. “ಶಿವಮೊಗ್ಗದಿಂದ. ಒಂದು ಗಂಟೆ ಆಡಿ ಹೋಗ್ತೀನಿ” ಎಂದೆ. ಕೈಲಿದ್ದ ಡಿಸ್ಕ್ ನೋಡಿ, ಒಂದೇ ಗಂಟೆ ಮೇಡಂ ಎಂದು ಒಳಗೆ ಬಿಟ್ಟ.

ಎರಡು ಬುಟ್ಟಿಗಳಿಗೆ ಚೈನಿರಲಿಲ್ಲ. ಆದರೂ ಒಂಬತ್ತೂ ಆಡಿದೆ. ದೇಶದಲ್ಲಿ ಸಿಕ್ಕ ಕೋರ್ಸುಗಳನ್ನೆಲ್ಲ ಆಡಿದವಳಾಗಿ ಹೇಳುತ್ತೇನೆ, ನಾಲ್ಕನೆಯದು ಸುಮಾರು. ಆರನೆಯದು ತೀರಾ ಹತ್ತಿರ, ಪಾಟಿಗೆ ಕೂಗು ಕೇಳಲಿ ಎಂದೇ ಹಾಗೆ ಇಟ್ಟಿರಬೇಕು. ಒಂಬತ್ತನೆಯದು ನೀರಿನ ಟ್ಯಾಂಕಿನ ಮುಂದಿನಿಂದ ಎಸೆಯುವುದು. ಡಿಸ್ಕ್ ಮರಗಳ ಸಾಲನ್ನು ಬಳಸಿಕೊಂಡು ಮನೆಯ ಮೂಲೆಯಲ್ಲಿ ಮರೆಯಾಗುತ್ತದೆ. ಬುಟ್ಟಿ ಕಾಣುವುದೇ ಇಲ್ಲ. ಎಸೆದು ಉಸಿರು ಹಿಡಿದು ನಿಲ್ಲಬೇಕು. ಬಿದ್ದರೆ ಚೈನಿನ ಸದ್ದು ಕೇಳುತ್ತದೆ. ಇಷ್ಟು ಬುದ್ಧಿವಂತಿಕೆಯಿಂದ ಇಟ್ಟ ಬುಟ್ಟಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹೊರಗಿನವಳಾಗಿ ಬಂದು ಒಂಬತ್ತೂ ಆಡಿದ್ದೇನೆ ಚಾಚಾ. ಈಗ ನನ್ನ ಮಾತು ನಡೆಯುತ್ತದೆ. ಕೇಳಲು ನೀವಿಲ್ಲ.